ಮಂಜೂರಾದ ಮೀನು

ಮುನಿಸಿಪಾಲಿಟಿ ಕೆರೆಗೆ ಮೀನು ಬಿಡುವ ಸಮಾರಂಭ ಬೆಳಿಗ್ಗೆಯೇ ವಾದ್ಯದೊಂದಿಗೆ ಮುಗಿದಿತ್ತು. ಇನ್ನು ಯಾರು ಬೇಕಾದರೂ ಗಾಳ ಹಾಕಬಹುದು ಎಂದಿದ್ದರು. ನಿವೃತ್ತರಾಗಿದ್ದ ನಾಗೋಜಿ ಮೇಷ್ಟ್ರು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತು, ಕೊನೆಗೂ ಮೊಳದುದ್ದದ ಕಾಟ್ಲಾ ಮೀನೊಂದನ್ನು ಎಳೆದರು. ಅವರ ಜನ್ಮದಲ್ಲಿ ಅದೇ ಮೊದಲ ಮೀನು.

ಅಷ್ಟರಲ್ಲಿ ಮೀನುಗಾರಿಕೆ ಅಧಿಕಾರಿ ಜೀಪಿನಿಂದಿಳಿದು ಬಕೆಟ್ ಹಿಡಿದು ಓಡಿ ಬಂದರು.

"ಅಬ್ಬಾ, ಇನ್ನೂ ಜೀವ ಇದೆ! ಬೇಗ ಇದರೊಳಗೆ ಹಾಕಿ, ಮೇಷ್ಟ್ರೇ."

"ಯಾಕ್ರೀ? ನಾನು ಹಿಡಿದ ಮೀನು!"

"ಸಂಜೆ ಪಕ್ಕದೂರಿನ ಕೆರೆಗೆ ಮಂತ್ರಿಗಳು ಮೀನು ಬಿಡ್ತಾರೆ. ಇಡೀ ತಾಲ್ಲೂಕಿಗೆ ಮಂಜೂರಾಗಿರೋದು ಇದೊಂದೇ."

ಮೇಷ್ಟ್ರು ಮೀನನ್ನು ಎದೆಗವಚಿಕೊಂಡರು. "ಸತ್ತರೂ ಕೊಡಲ್ಲ."

ಅಧಿಕಾರಿ ಜೀಪಿನ ಬಾಗಿಲು ತೆರೆದು ಕೈಮುಗಿದರು.

"ಹಾಗಾದರೆ ನೀವೂ ಹತ್ತಿ, ಸಾರ್. ಅಲ್ಲಿ ಬಿಟ್ಟಮೇಲೆ ಮತ್ತೆ ಹಿಡಿದುಕೊಡೋರು ಬೇಕಲ್ಲ, ನಾಳೆ ಇನ್ನೂ ಮೂರು ಕೆರೆ ಇವೆ."