ಎಪ್ಪತ್ತೈದು ನಿಮಿಷ

“ಬಾವಿಯ ಪರವಾಗಿ ಮಾತಾಡುವ ಮೊದಲನೆಯವರು, ಇಮೆಲ್ಡಾ ಕಂತೂ,” ಎಂದು ನಗರಸಭೆಯ ಗುಮಾಸ್ತೆ ಮೈಕಿನಲ್ಲಿ ಓದಿದಾಗ ಇಮೆಲ್ಡಾ ಕುರ್ಚಿಯಿಂದ ಅರ್ಧ ಎದ್ದಳು. ಪರವಾಗಿ? ಗ್ಯಾಸ್ ಬಾವಿ ಕೊರೆಯಲು ಹೊರಟಿದ್ದದ್ದು ಅವಳ ಮನೆಯ ಬೇಲಿಯಾಚೆಗೇ. ಹಗಲೆಲ್ಲ ಅವಳು ನೋಡಿಕೊಳ್ಳುವ ಏಳು ಪುಟ್ಟ ಮಕ್ಕಳು ಮಧ್ಯಾಹ್ನ ಮಲಗುವ ಕೋಣೆಯ ಕಿಟಕಿ ಆ ಕಡೆಗೇ ಇತ್ತು. ಬಾವಿ ಬಂದರೆ ಮಕ್ಕಳನ್ನು ಬೇರೆಡೆ ಬಿಡುತ್ತೇವೆ ಎಂದು ನಾಲ್ವರು ತಾಯಂದಿರು ಆಗಲೇ ಹೇಳಿದ್ದರು. ಸರದಿ ತಪ್ಪಬಾರದೆಂದು ಇಮೆಲ್ಡಾ ಎಲ್ಲರಿಗಿಂತ ಮೊದಲು ಬಂದು, ಮಾತಾಡಲು ಹೆಸರು ಕೊಡುವ ಚೀಟಿಯನ್ನು ಗಡಿಬಿಡಿಯಲ್ಲಿ ತುಂಬಿದ್ದಳು. ಆ ಅವಸರದಲ್ಲಿ ‘ವಿರೋಧ’ದ ಚೌಕ ಬಿಟ್ಟು ಅದರ ಮೇಲಿನ ‘ಪರ’ದ ಚೌಕಕ್ಕೆ ಗುರುತು ಹಾಕಿಬಿಟ್ಟಿದ್ದಳು.

“ಇವರಿಗೆ ಇಪ್ಪತ್ತನಾಲ್ಕು ಜನ ತಮ್ಮ ಮೂರು ಮೂರು ನಿಮಿಷ ಬಿಟ್ಟುಕೊಟ್ಟಿದ್ದಾರೆ,” ಗುಮಾಸ್ತೆ ಇನ್ನೊಮ್ಮೆ ಎಣಿಸಿ ನೋಡಿದಳು. “ಒಟ್ಟು ಎಪ್ಪತ್ತೈದು ನಿಮಿಷ.”

ಬಿಟ್ಟುಕೊಟ್ಟವರು, ಬಾವಿ ಕೊರೆಯುವ ಕಂಪನಿಯೇ ಬಸ್ಸಿನಲ್ಲಿ ಕರೆತಂದು ಕೂರಿಸಿದ್ದ ಅದರ ಕೆಲಸಗಾರರು. ಎಲ್ಲರಿಗೂ ಒಂದೇ ಬಗೆಯ ಕಿತ್ತಳೆ ಅಂಗಿ. ಮಾತಾಡುವ ಉಮೇದು ಒಬ್ಬರಿಗೂ ಇಲ್ಲ. ‘ನನ್ನ ಸಮಯ ನಮ್ಮ ಕಡೆಯ ಮೊದಲನೆಯವರಿಗೆ’ ಎಂದು ಅವರೆಲ್ಲರ ಚೀಟಿಯಲ್ಲೂ ಬರೆಸಲಾಗಿತ್ತು. ಆ ಮೊದಲನೆಯವನು ತಾನೇ ಎಂದುಕೊಂಡಿದ್ದ, ಫೋರ್ಟ್ ವರ್ತ್ ನಗರದಿಂದ ಬಂದ ಕಂಪನಿಯ ವಕೀಲ, ಟೈ ಸರಿಮಾಡಿಕೊಂಡು ಹೊರಟವನು ಅರ್ಧ ದಾರಿಯಲ್ಲಿ ನಿಂತುಬಿಟ್ಟ.

“ಮೇಯರ್ ಸಾಹೇಬ್ರೆ, ನಾನು ತಪ್ಪು ಕಡೆ ಗುರುತು ಹಾಕ್ಬಿಟ್ಟೆ. ನಂದು ವಿರೋಧ,” ಎಂದಳು ಇಮೆಲ್ಡಾ.

“ಕೇಳಿದ್ರಲ್ಲ! ಚೀಟಿ ತಿದ್ಸಿ ಮತ್ತೆ,” ಎಂದು ವಕೀಲ ಹಾರಿಬಿದ್ದ.

ಎಂಬತ್ತು ದಾಟಿದ ವಿಲ್ಮಾ ಸ್ಟಬ್ಸ್, ಇಮೆಲ್ಡಾಳ ಪಕ್ಕದ ಮನೆಯವಳು, ಊರುಗೋಲು ಕುಟ್ಟಿ ಎದ್ದಳು. “ಅದ್ಹೇಗೆ? ‘ಮಾತಾಡಲ್ಲ’ ಅನ್ನೋದಕ್ಕೆ ತಪ್ಪಿ ಗುರುತು ಹಾಕ್ಬಿಟ್ಟೆ, ತಿದ್ದು ಅಂತ ಅರ್ಧ ಗಂಟೆ ಹಿಂದೆ ನಾನು ಅಂಗಲಾಚಿದ್ರೆ, ಕೊಟ್ಟ ಚೀಟಿ ಮುಟ್ಟೋ ಹಾಗಿಲ್ಲ ಅಂತ ನನ್ನ ಕೂರಿಸಿದ್ಯಲ್ಲಪ್ಪಾ ಮೇಯರ್ರೇ! ಭಾನುವಾರದ ಬೈಬಲ್ ಪಾಠದಲ್ಲಿ ನಿನ್ನ ಮೂಗು ಒರೆಸಿದವಳು ನಾನು. ನನಗೊಂದು ಕಾನೂನು, ಟೈ ಕಟ್ಟಿದವನಿಗೊಂದಾ?”

ಸಭೆಯಲ್ಲಿ ಚಪ್ಪಾಳೆ ನಿಷಿದ್ಧ. ಆದ್ದರಿಂದ ಅರವತ್ತು ಜೊತೆ ಕೈಗಳು ಸದ್ದಿಲ್ಲದೆ ಮೇಲೆದ್ದು ಗಾಳಿಯಲ್ಲಿ ಕುಣಿದವು. ಮೇಯರ್ ಕೆನ್ನೆಯ ಒಳಭಾಗ ಕಚ್ಚಿಕೊಂಡು ನಗು ನುಂಗಿದರು. “ಚೀಟಿ ಅಂದ್ರೆ ಚೀಟಿ. ಶುರು ಮಾಡಿ, ಮಿಸೆಸ್ ಕಂತೂ.”

ನಗರಸಭೆಯ ಏಳು ಸದಸ್ಯರಲ್ಲಿ ನಾಲ್ವರು ಕಂಪನಿಯ ಕಡೆ ಎಂಬುದು ಊರಿಗೇ ಗೊತ್ತಿತ್ತು. ಆ ನಾಲ್ವರಲ್ಲಿ ಒಬ್ಬಳಾದ ಮಾರ್ಲಾ ಬೀಚಮ್ ಆಗಲೇ ಗಡಿಯಾರ ನೋಡುತ್ತಿದ್ದಳು. ಇಮೆಲ್ಡಾ ತಾನು ಬರೆದು ತಂದದ್ದನ್ನು ಉಸಿರು ಬಿಡದೆ ಓದಿದಳು. ಮಕ್ಕಳ ಹಾಸಿಗೆಯಿಂದ ಬೇಲಿಗೆ ನಲವತ್ತೊಂದು ಹೆಜ್ಜೆ, ಲಾರಿಗಳು ಬರುವುದು ಇಂಥ ರಸ್ತೆಯಲ್ಲಿ, ಗಾಳಿ ಬೀಸುವುದು ಇಂಥ ದಿಕ್ಕಿಗೆ. ಹಾಳೆ ಮುಗಿಯಿತು. ಗೋಡೆಯ ಮೇಲಿನ ಕೆಂಪು ಅಂಕಿ ಇನ್ನೂ ಎಪ್ಪತ್ತೆರಡು ನಿಮಿಷ ಉಳಿದಿದೆ ಎಂದು ತೋರಿಸುತ್ತಿತ್ತು.

“ನಿಧಾನಕ್ಕೆ ಕಣೇ!” ವಿಲ್ಮಾ ಕೂಗಿದಳು. “ತಿನ್ನೋಕೆ ಪೆಕನ್ ಪೈ ತಂದಿದೀನಿ, ರಾತ್ರಿವರೆಗೂ ನಡೀಲಿ!”

ಇಮೆಲ್ಡಾಳಿಗೆ ಹೊಟ್ಟೆಯಾಳದಿಂದ ನಗು ಉಕ್ಕಿಬಂತು. ಇಷ್ಟು ದಿನದ ಹೆದರಿಕೆಯೆಲ್ಲ ನಗುವಾಗಿ ಸೋರತೊಡಗಿತೋ ಏನೋ, ಹಾಳೆ ಮಡಿಚಿಟ್ಟು ಬಾಯಿಗೆ ಬಂದಂತೆ ಹೇಳುತ್ತ ಹೋದಳು. ಮಕ್ಕಳಲ್ಲೊಬ್ಬನಾದ ಮಾಟೆಯೋಗೆ ನಿದ್ದೆ ಬರಬೇಕಾದರೆ ಇಮೆಲ್ಡಾಳ ಕಿವಿ ಹಿಡಿದುಕೊಂಡೇ ಇರಬೇಕು. ಅವಳಿ ಹುಡುಗಿಯರಲ್ಲಿ ಒಬ್ಬಳು ಮಲಗಿದಳೆಂದರೆ ಇನ್ನೊಬ್ಬಳು ಎಬ್ಬಿಸುತ್ತಾಳೆ. “ಇನ್ನು ನಮ್ಮ ಪುಟ್ಟ ಜೂನ್, ಅಡುಗೆಮನೇಲಿ ಚಮಚ ಬಿದ್ರೆ ಸಾಕು, ಏಳೂ ಜನ ಎದ್ದು ಕೂರೋ ಹಾಗೆ ಕಿರುಚ್ತಾಳೆ!”

“ನನ್ನ ಮಗಳೂ ಥೇಟ್ ಹಾಗೇ ಮೇಡಂ!” ಎಂಬ ಮಾತು ಕಿತ್ತಳೆ ಅಂಗಿಗಳ ಮಧ್ಯದಿಂದ ತಾನಾಗಿ ಹೊರಬಿತ್ತು. ಬೆಟ್ಟದಂಥ ಆಳು. ಪಕ್ಕದವರು ಕಿಸಕ್ಕೆಂದರು.

“ಅಯ್ಯೋ, ನಿಮ್ಮ ಮೂರು ನಿಮಿಷ ನನ್ನ ಹತ್ರಾನೇ ಇದೆ. ಬನ್ನಿ, ವಾಪಸ್ ತಗೊಳ್ಳಿ,” ಎಂದಳು ಇಮೆಲ್ಡಾ.

“ಕೂತ್ಕೊಳ್ರೀ!” ವಕೀಲ ಗದರಿದ. ಅಷ್ಟರಲ್ಲಿ ಆಳು ಟೋಪಿ ತೆಗೆದು ಮೈಕಿನ ಮುಂದೆ ಬಂದಾಗಿತ್ತು.

“ಹೆಸರು? ಮನೆ ಎಲ್ಲಿ?” ಮೇಯರ್ ವಾಡಿಕೆಯಂತೆ ಕೇಳಿದರು.

“ರಾಸ್ಕೋ ಟಿಲ್‌ಮನ್ ಸಾರ್. ಇಲ್ಲಿಂದ ನಲವತ್ತು ಮೈಲಿ. ಹದಿನೆಂಟು ವರ್ಷದಿಂದ ಬಾವಿ ಕೊರೆಯೋದೇ ಕೆಲಸ. ನಮ್ಮ ಕಂಪನಿ ಕೆಲಸ ಅಚ್ಚುಕಟ್ಟು, ಭಯ ಪಡೋ ಅಂಥದ್ದು ಏನೂ ಇಲ್ಲ.”

ವಕೀಲನ ಮುಖ ಅರಳಿತು.

“ಹಾಗಾದ್ರೆ ನಿಮ್ಮ ಮನೆ ಹಿಂದೇನೂ ಒಂದು ಬಾವಿ ಇರಬೇಕಲ್ವಾ?” ಇಮೆಲ್ಡಾ ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು.

“ನಮ್ಮನೆ ಹಿಂದೇನಾ? ನನ್ನ ಹೆಂಡ್ತಿ ಬಿಡ್ತಾಳಾ ಮೇಡಂ!”

ಅಂದವನೇ ಟೋಪಿಯಿಂದ ಬಾಯಿ ಮುಚ್ಚಿಕೊಂಡ. ಹಿಂದಿನ ಸಾಲಿನಿಂದ ಎದ್ದ ನಗು ಕಿತ್ತಳೆ ಅಂಗಿಗಳನ್ನೂ ಬಿಡದೆ ಮುಂದಿನವರೆಗೆ ಉರುಳಿಬಂತು. ತೊಡೆ ತಟ್ಟಿಕೊಂಡವರೆಷ್ಟೋ, ಒಬ್ಬರ ಮೇಲೊಬ್ಬರು ಒರಗಿದವರೆಷ್ಟೋ. ಗುಮಾಸ್ತೆ ಮೇಜಿನ ಕೆಳಗೆ ಬಗ್ಗಿ ಇಲ್ಲದ ಪೆನ್ನು ಹುಡುಕಿದಳು. ಉಳಿದ ನಿಮಿಷಗಳು ಆಮೇಲೆ ಯಾರಿಗೂ ಬೇಕಾಗಲಿಲ್ಲ.

ಮತಕ್ಕೆ ಹಾಕಿದರು. ಮೂವರು ಪರ, ಮೂವರು ವಿರೋಧ. ಇಮೆಲ್ಡಾ ವಿಲ್ಮಾಳ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಯವಳು ಮಾರ್ಲಾ ಬೀಚಮ್. ಅವಳು ಕನ್ನಡಕ ತೆಗೆದು, ನಕ್ಕು ಒದ್ದೆಯಾದ ಕಣ್ಣೊರೆಸಿಕೊಂಡು, ರಾಸ್ಕೋ ಟಿಲ್‌ಮನ್ ಕಡೆ ನೋಡುತ್ತ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

“ನನ್ನ ಓಟು ಮಿಸೆಸ್ ಟಿಲ್‌ಮನ್‌ಗೆ.”