ಸಂಜೆಯ ಜಿಂಗಲ್

ರೇಡಿಯೊದಲ್ಲಿ ಸಂಜೆಯ ಜಿಂಗಲ್, ಅಂದರೆ ಒಂದು ತುಣುಕು ಹಾಡು, ಬಂದ ಮೇಲೆಯೇ ಆ ಊರಿನಲ್ಲಿ ಸೂರ್ಯ ಮುಳುಗುವುದು. ಜನರಿಗೆ ಅದು ರೂಢಿಯಾಗಿತ್ತು. ಹಾಡು, ವಾರ್ತೆ, ಜಾಹೀರಾತುಗಳನ್ನೆಲ್ಲ ಕಂಪ್ಯೂಟರ್ ತಾನೇ ಒಂದಾದ ಮೇಲೊಂದು ಬಿಡುತ್ತಿತ್ತು. ಅವನ್ನು ಸಾಲಾಗಿ ಜೋಡಿಸುವ ಕೆಲಸ ಮಾತ್ರ ಚಂಪಾ ಹೂಗಾರಳದು.

ಅಂದು ಮಧ್ಯಾಹ್ನದ ಊಟ ಮುಗಿಯುತ್ತಲೇ ರೇಡಿಯೊ ನಿಲಯದ ಹೊಸ ಮ್ಯಾನೇಜರ್ ಬಸರಕೋಡ ಅವಳ ಕೋಣೆಯೊಳಗೆ ಬಂದರು.

"ಚಂಪಕ್ಕಾ, ಸಂಜಿ ಜಿಂಗಲ್ ಈಗ ಹಾಕ್ರಿ. ದೀಪದ ಕಂಪನಿಯವರು ಇವತ್ತೂ ಉದ್ದನ ರಾತ್ರಿ ಕೊಂಡಾರ."

ಚಂಪಾ ಕಿಟಕಿಯಾಚೆ ನೋಡಿದಳು. ಎದುರಿನ ಮಾಳಿಗೆಯ ಮೇಲೆ ಓಣಿಯ ಹೆಂಗಸರು ಹಪ್ಪಳ ಹರವಿದ್ದರು. ನಿನ್ನೆಯೂ ಹೀಗೇ ನಡುಮಧ್ಯಾಹ್ನ ಕತ್ತಲಾಗಿ, ಅವರ ಹಪ್ಪಳವೆಲ್ಲ ಹಸಿ ಉಳಿದು, ಹಳಸಿ ತಿಪ್ಪೆ ಸೇರಿತ್ತು. ಪಾಪ, ಬೆಳಗ್ಗೆ ಎದ್ದು ಮತ್ತೆ ಹಿಟ್ಟು ನಾದಿ ಲಟ್ಟಿಸಿದ್ದರು.

"ಹಾಕಂಗಿಲ್ರಿ," ಎಂದಳು.

"ಹಂಗಾರ ನಾನ ಹಾಕ್ತೀನಿ. ಸರೀರಿ ಅತ್ಲಾಗ!"

ಚಂಪಾ ಎದ್ದಳು. ಏಳುವ ಮುನ್ನ ಜಿಂಗಲ್ಲನ್ನೇ ಅಳಿಸಿಬಿಟ್ಟಿದ್ದಳು. ಇದ್ದ ಪ್ರತಿ ಅದೊಂದೇ.

ಪರದೆ ನೋಡಿ ಬಸರಕೋಡರ ಮುಖ ಬಿಳಿಚಿತು. "ಅಯ್ಯಯ್ಯ, ಇನ್ನ ಸೂರ್ಯ ಮುಳುಗೂದು ಹ್ಯಾಂಗ?"

"ಹೊಸದಾಗಿ ಹಾಡಿಸಬೇಕ್ರಿ."

"ಆ ಸೂರ್ಯ ಬ್ಯಾರೆ ದನಿಗೆ ಬಗ್ಗಂಗಿಲ್ಲ. ಮೊದಲ ಹಾಡಿದಾಕೀನ್ನ ಕರಸ್ರಿ, ಲಗೂನ!"

"ಇಲ್ಲೇ ಅದೀನ್ರಿ," ಎಂದ ಚಂಪಾ ಸೆರಗನ್ನು ಸೊಂಟಕ್ಕೆ ಸಿಗಿಸಿ ಬಾಗಿಲತ್ತ ನಡೆದಳು. "ಹಪ್ಪಳ ಮಗುಚಾಕ ಹೊಂಟೀನಿ. ಅವು ಒಣಗಿ ಡಬ್ಬಿ ಸೇರೂತನಕ ನನ್ನ ಗಂಟಲಾ ಕಟ್ಟೇತ್ರಿ."