ಗೇಟಿನ ಚೀಟಿ

ನಾನು ನೆಲ ಒರೆಸುವಾಗ ಅಮ್ಮಾವ್ರು ಗಟ್ಟಿಯಾಗಿ ಕಾದಂಬರಿ ಓದುತ್ತಿದ್ದರು. ಅದರಲ್ಲಿ ಒಬ್ಬ ಬಡ ತಾಯಿ, ಕೆಲಸದ ಮನೆಯಿಂದ ಮಗುವಿಗೆ ಹಾಲಿನ ಪುಡಿ ಕದ್ದು ಸಿಕ್ಕಿಬೀಳುತ್ತಾಳೆ. ಓದಿ ಮುಗಿಸಿ ಅಮ್ಮಾವ್ರು ಕಣ್ಣೊರೆಸಿಕೊಂಡರು.

"ಅವಳದೇನು ತಪ್ಪು, ಹೇಳು ಹೊಂಬಮ್ಮ?"

"ಕದ್ದಿದ್ದು ತಪ್ಪೇ ಅಮ್ಮಾ."

"ಅಯ್ಯೋ, ಹಸಿದ ಮಗು ಕಣೇ! ನೀನೇ ಹಿಂಗಂದ್ರೆ ಹೆಂಗೆ? ನಿನ್ನೆದೆ ಏನು ಕಲ್ಲಾ?"

"ಅವಳಂಥ ಒಬ್ಬಳು ಕದ್ದಳೂಂತ ನಮ್ಮೆಲ್ಲರ ಚೀಲ ಬಿಚ್ಚಿಸ್ತಾರಲ್ಲ ಅಮ್ಮಾ? ಹನ್ನೊಂದು ವರ್ಷದಿಂದ ಈ ಅಪಾರ್ಟ್‌ಮೆಂಟ್ ಗೇಟಲ್ಲಿ ದಿನಾ ತೋರಿಸ್ತಿದೀನಿ. ನಾನೇನು ಕದ್ದಿದ್ದೆ?"

ಅಮ್ಮಾವ್ರಿಗೆ ರೇಗಿತು. "ನಿಂಗೆ ಅರ್ಥಾನೇ ಆಗಿಲ್ಲ. ಬಡವರನ್ನ ಅನುಮಾನದಿಂದ ನೋಡೋರಿಗೆ ಬುದ್ಧಿ ಬರ್ಲಿ ಅಂತಲೇ ಇದನ್ನ ಬರೆದಿರೋದು. ರಾತ್ರಿ ಶಾಲೇಲಿ ಓದೋಕೆ ಕಲ್ತಿದೀಯಲ್ಲ, ಓದು. ನೀನೇ ಇಟ್ಕೋ." ಪುಸ್ತಕವನ್ನು ತಾವೇ ನನ್ನ ಚೀಲಕ್ಕೆ ಹಾಕಿದರು.

ನನಗೆ ಅಲ್ಲಿಯವರೆಗೆ ಯಾರೂ ಪುಸ್ತಕ ಕೊಟ್ಟಿರಲಿಲ್ಲ. ಆ ಖುಷಿಯಲ್ಲಿ ಚೀಟಿ ಬರೆಸಿಕೊಳ್ಳುವುದನ್ನು ಮರೆತೆ. ಮನೆಯವರ ರುಜು ಇರುವ ಚೀಟಿ ಇಲ್ಲದೆ ಹಳೆ ಸೀರೆ ಕೂಡ ಗೇಟು ದಾಟುವಂತಿಲ್ಲ.

ವಾಚ್‌ಮನ್ ಪುಸ್ತಕ ಎತ್ತಿ ಹಿಡಿದ. "ಇದೆಲ್ಲಿಂದ ಬಂತಜ್ಜಿ?"

"ಅಮ್ಮಾವ್ರು ಕೊಟ್ರಪ್ಪ. ಬೇಕಾದ್ರೆ ಫೋನ್ ಮಾಡಿ ಕೇಳು."

ಅವನು ಮಾಡಿದ. ಅಮ್ಮಾವ್ರ ದನಿ ನನಗೂ ಕೇಳಿಸಿತು. ಕಾದಂಬರಿ ಓದಿ ಅತ್ತಿದ್ದ ಗಂಟಲು ಇನ್ನೂ ಸರಿಹೋಗಿರಲಿಲ್ಲ.

"ಹೌದಪ್ಪ, ಪುಸ್ತಕ ನಾನೇ ಕೊಟ್ಟಿದ್ದು. ಚೀಲದಲ್ಲಿ ಬೇರೇನಾದ್ರೂ ಇದೆಯಾ, ಒಂದ್ಸಲ ಸರಿಯಾಗಿ ನೋಡಿಬಿಡು."